ಸಂಬಳಕ್ಕೆ ತೆರಿಗೆ ಇಲ್ಲದ ದುಬೈ ನಡೆಯುವುದು ಯಾವ ದುಡ್ಡಿನಲ್ಲಿ? ಕರೆಂಟ್ ಬಿಲ್ಲಿನಿಂದ ನಾಯಿ ಲೈಸೆನ್ಸ್‌ವರೆಗೆ

ದುಬೈ: ಊರಿಗೆ ಫೋನ್ ಮಾಡಿದಾಗ ಗಲ್ಫ್ ಕನ್ನಡಿಗರು ಹೆಮ್ಮೆಯಿಂದ ಹೇಳುವ ಮಾತು ಒಂದಿದೆ: "ಇಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ." ಮಾತು ನಿಜವೇ. ಯುಎಇಯಲ್ಲಿ ನೌಕರರ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ರಸ್ತೆ, ದೀಪ, ಮೆಟ್ರೋ, ಕಸ ಗುಡಿಸುವ ಗಾಡಿ, ಪೊಲೀಸ್ ಎಲ್ಲದಕ್ಕೂ ದುಡ್ಡು ಬೇಕಲ್ಲ? ಅದರಲ್ಲಿ ಒಂದಿಷ್ಟು ಪಾಲು ಕರಾಮ, ದೇರಾ, ಖುಸೈಸ್‌ನ ಬೆಡ್ ಸ್ಪೇಸಿನಲ್ಲಿ ಮಲಗುವವರ ಜೇಬಿನಿಂದಲೂ ಹೋಗುತ್ತದೆ. ಅದಕ್ಕೆ ಟ್ಯಾಕ್ಸ್ ಅನ್ನೋ ಹೆಸರಿಲ್ಲ, ಅಷ್ಟೇ. ಫೀ, ಫೈನ್, ಸಬ್‌ಸ್ಕ್ರಿಪ್ಷನ್, ಟೋಲ್ ಅಂತ ಬೇರೆ ಬೇರೆ ಹೆಸರು.

ಇದರಲ್ಲಿ ಯಾವ ಫೀ ತಪ್ಪದೆ ವಸೂಲಾಗುತ್ತದೆ, ಯಾವುದು ವರ್ಷಗಟ್ಟಲೆ ಬಾಕಿ ಉಳಿಯುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಕೆಲಸಗಾರರಿಗೆ ಲಾಭವಿದೆ. ಬಾಕಿ ಉಳಿದ ಸಣ್ಣ ಫೀ ಒಂದು ದಿನ ಹೊಸ ಕೆಲಸದ ಪರ್ಮಿಟ್‌ಗೆ ಅಡ್ಡ ಬಂದು ನಿಲ್ಲಬಹುದು.

ಎಣ್ಣೆ ದುಡ್ಡು ಎಷ್ಟು?

ದುಬೈ ಎಂದರೆ ಪೆಟ್ರೋಲ್ ದುಡ್ಡು ಅಂತ ಊರಲ್ಲಿ ಈಗಲೂ ಅಂದುಕೊಂಡವರಿದ್ದಾರೆ. ಎಣ್ಣೆಯ ದೊಡ್ಡ ನಿಧಿ ಇರುವುದು ಅಬುಧಾಬಿಯಲ್ಲಿ. 2018ರ ದುಬೈ ಬಜೆಟ್ ಅಂದಾಜು ನೋಡಿದರೆ ಒಟ್ಟು ಆದಾಯದಲ್ಲಿ ಎಣ್ಣೆಯ ಪಾಲು ಶೇ. 6 ಮಾತ್ರ. ಕಸ್ಟಮ್ಸ್ ಮತ್ತು ವಿದೇಶಿ ಬ್ಯಾಂಕುಗಳ ಮೇಲಿನ ತೆರಿಗೆ ಸೇರಿ ಶೇ. 21. ಸರ್ಕಾರದ ಹೂಡಿಕೆಯಿಂದ ಬಂದದ್ದು ಶೇ. 2. ಉಳಿದ ಶೇ. 71 ತೆರಿಗೆ ಅಲ್ಲದ ಆದಾಯ, ಅಂದರೆ ಮುಖ್ಯವಾಗಿ ನಾನಾ ಬಗೆಯ ಫೀಗಳು. ಅದೇ ವರ್ಷ ವ್ಯಾಟ್ ಬಂತು, ಆಮೇಲೆ ಕಾರ್ಪೊರೇಟ್ ತೆರಿಗೆ ಬಂತು. ಹಾಗಾಗಿ ಈಗ ಲೆಕ್ಕ ಸ್ವಲ್ಪ ಬದಲಾಗಿದೆ, ಆದರೆ ಫೀಗಳ ಮೇಲೆ ನಿಂತ ಊರು ಅನ್ನುವ ಸ್ವಭಾವ ಬದಲಾಗಿಲ್ಲ.

2025ರ ಬಜೆಟ್‌ನಲ್ಲಿ ದುಬೈ ಸರ್ಕಾರ ಅಂದಾಜು ಮಾಡಿದ ಆದಾಯ 9,766 ಕೋಟಿ ದಿರ್ಹಂ, ಖರ್ಚು 8,626 ಕೋಟಿ ದಿರ್ಹಂ. ಖರ್ಚಿಗಿಂತ ಆದಾಯ ಹೆಚ್ಚು. ನಮ್ಮ ಕಡೆಯ ನಗರಪಾಲಿಕೆಗಳಿಗೆ ಇದು ಕನಸಿನ ಮಾತು.

ಕರೆಂಟ್ ಬಿಲ್ಲಿನಲ್ಲಿ ಬರುವ ಮುನಿಸಿಪಾಲಿಟಿ

ದುಬೈಯಲ್ಲಿ ಬಾಡಿಗೆ ಮನೆ ಮಾಡಿದವರು ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಕೊಡಬೇಕು. ಇದು ದುಬೈ ಮುನಿಸಿಪಾಲಿಟಿಗೆ ಹೋಗುವ ದುಡ್ಡು. ಆದರೆ ಇದಕ್ಕಾಗಿ ಮುನಿಸಿಪಾಲಿಟಿ ಆಫೀಸಿಗೆ ಯಾರೂ ಹೋಗಬೇಕಿಲ್ಲ, ಯಾರೂ ಮನೆ ಬಾಗಿಲಿಗೆ ಬರುವುದೂ ಇಲ್ಲ. ಹನ್ನೆರಡು ಕಂತು ಮಾಡಿ ತಿಂಗಳ ದೇವಾ ಬಿಲ್ಲಿನಲ್ಲಿ, ಅಂದರೆ ಕರೆಂಟು-ನೀರಿನ ಬಿಲ್ಲಿನಲ್ಲಿ, ಒಂದು ಸಾಲಾಗಿ ಸೇರಿಸುತ್ತಾರೆ. ವರ್ಷಕ್ಕೆ 60,000 ದಿರ್ಹಂ ಬಾಡಿಗೆಯಾದರೆ ಫೀ 3,000, ತಿಂಗಳಿಗೆ 250 ದಿರ್ಹಂ.

ಈ ಏರ್ಪಾಡಿನ ಚಾಲಾಕಿತನ ಗಮನಿಸಬೇಕು. ಹೌಸಿಂಗ್ ಫೀ ಕಟ್ಟಲ್ಲ, ಕರೆಂಟ್ ದುಡ್ಡು ಮಾತ್ರ ಕಟ್ತೀನಿ ಅಂತ ಹೇಳುವ ಹಾಗಿಲ್ಲ. ಬಿಲ್ ಬಾಕಿ ಉಳಿದರೆ ಕನೆಕ್ಷನ್ ಕಟ್. ಜುಲೈ ತಿಂಗಳ ದುಬೈಯಲ್ಲಿ ಎಸಿ ಇಲ್ಲದೆ ಒಂದು ರಾತ್ರಿ ಕಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮನೆ ಖಾಲಿ ಮಾಡುವಾಗ ಕೊನೆಯ ಬಿಲ್ ಡಿಪಾಸಿಟ್‌ನಿಂದ ಮುರಿಯುತ್ತಾರೆ. ಫ್ಲ್ಯಾಟ್‌ಗೆ 2,000, ವಿಲ್ಲಾಕ್ಕೆ 4,000 ದಿರ್ಹಂ ಮೊದಲೇ ಕಟ್ಟಿಸಿಕೊಂಡಿರುತ್ತಾರೆ. ಹಾಗಾಗಿ ಊರಿಗೆ ಹೊರಟವನಿಂದಲೂ ಈ ಫೀ ತಪ್ಪುವುದಿಲ್ಲ.

ರೂಮ್ ಹಂಚಿಕೊಂಡು ಇರುವವರು ತಿಳಿದಿರಬೇಕಾದ ವಿಷಯ: ಬಿಲ್ ಬರುವುದು ಎಜಾರಿಯಲ್ಲಿ ಹೆಸರಿರುವವನಿಗೆ. ಅವನು ಅದನ್ನು ತಲಾ ಇಷ್ಟು ಅಂತ ಹಂಚುತ್ತಾನೆ. ಬೆಡ್ ಸ್ಪೇಸ್ ಬಾಡಿಗೆಯಲ್ಲೇ ಎಲ್ಲವೂ ಸೇರಿದೆ ಅಂದಿದ್ದರೆ ಸರಿ. ಸೇರಿಲ್ಲ ಅಂದರೆ ಬಿಲ್ಲಿನಲ್ಲಿ ಕರೆಂಟ್ ಎಷ್ಟು, ನೀರು ಎಷ್ಟು, ಹೌಸಿಂಗ್ ಫೀ ಎಷ್ಟು ಅಂತ ಸಾಲು ಸಾಲಾಗಿ ನೋಡುವುದು ಒಳ್ಳೆಯದು. "ಈ ತಿಂಗಳು ಎಸಿ ಜಾಸ್ತಿ ಓಡಿದೆ" ಅಂತ ರೂಮಿನಲ್ಲಿ ಆಗುವ ಅರ್ಧ ಜಗಳ ಈ ಸಾಲನ್ನು ಓದದೆ ಆಗುವಂಥದ್ದು. ಲೇಬರ್ ಕ್ಯಾಂಪಿನಲ್ಲಿ ಇರುವವರಿಗೆ ಬಿಲ್ ನೇರವಾಗಿ ಬರುವುದಿಲ್ಲ.

ಉಳಿದವುಗಳಲ್ಲಿ ಸಾಲಿಕ್ ಎಲ್ಲರಿಗೂ ಗೊತ್ತು. 2007ರ ಜುಲೈಯಲ್ಲಿ ಶುರುವಾದಾಗ ಗೇಟ್ ದಾಟಿದರೆ 4 ದಿರ್ಹಂ. 2025ರ ಜನವರಿ 31ರಿಂದ ರಶ್ ಹೊತ್ತಿನಲ್ಲಿ 6 ದಿರ್ಹಂ, ಉಳಿದ ಹೊತ್ತು 4, ರಾತ್ರಿ 1ರಿಂದ ಬೆಳಿಗ್ಗೆ 6ರವರೆಗೆ ಉಚಿತ. ವ್ಯಾಟ್ 2018ರ ಜನವರಿ 1ರಿಂದ ಶೇ. 5. ಅದನ್ನು ಕೇಂದ್ರ ಸಂಗ್ರಹಿಸಿದರೂ ಶೇ. 70 ಪಾಲು ಆಯಾ ಎಮಿರೇಟ್‌ಗಳಿಗೆ ಎಂದು ಆಗಲೇ ಘೋಷಿಸಿದ್ದರು. ಕಫ್ಟೇರಿಯಾ, ಗ್ರೋಸರಿ ನಡೆಸುವ ಕರಾವಳಿಯವರಿಗೆ ಮುಖ್ಯವಾದದ್ದು ಕಾರ್ಪೊರೇಟ್ ತೆರಿಗೆ. 2023ರ ಜೂನ್ 1ರ ನಂತರ ಶುರುವಾದ ಲೆಕ್ಕದ ವರ್ಷದಿಂದ 3.75 ಲಕ್ಷ ದಿರ್ಹಂ ದಾಟಿದ ಲಾಭಕ್ಕೆ ಶೇ. 9. ವಹಿವಾಟು 30 ಲಕ್ಷ ದಿರ್ಹಂ ಒಳಗಿನ ಸಣ್ಣ ಅಂಗಡಿಗಳಿಗೆ 2026ರ ಕೊನೆಯವರೆಗೆ ರಿಯಾಯಿತಿ ಕೇಳಲು ಅವಕಾಶ ಕೊಟ್ಟಿದ್ದಾರೆ. ಆದರೆ ತೆರಿಗೆ ಸೊನ್ನೆ ಬಂದರೂ ನೋಂದಣಿ ಕಡ್ಡಾಯ. ತಡ ಮಾಡಿದರೆ ದಂಡ 10,000 ದಿರ್ಹಂ. ಲಾಭವೇ ಇಲ್ಲದ ಅಂಗಡಿಗೆ ಇದು ದೊಡ್ಡ ಪೆಟ್ಟು.

ಜನ ಇದ್ದರೆ ಫೀ, ಜನ ಹೋದರೆ?

ಫೀಗಳ ಮೇಲೆ ನಿಂತ ಊರಿಗೆ ಜನರೇ ಬಂಡವಾಳ. ದುಬೈ ಜನಸಂಖ್ಯೆ 2011ರಲ್ಲಿ ಸುಮಾರು 20 ಲಕ್ಷ ಇತ್ತು. 2023ರ ಕೊನೆಗೆ 36.5 ಲಕ್ಷ ದಾಟಿತು, 2024ರ ಕೊನೆಗೆ 38 ಲಕ್ಷ ದಾಟಿತು. ಒಬ್ಬ ಕೆಲಸಗಾರ ಬಂದನೆಂದರೆ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ, ಬಾಡಿಗೆ, ಬಸ್ಸು, ಮೊಬೈಲ್ ರೀಚಾರ್ಜ್ ಎಲ್ಲ ಕಡೆ ಚಲಾವಣೆ. ಹೋದನೆಂದರೆ ಅಷ್ಟೂ ನಿಂತಿತು.

2020ರಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಕೊರೊನಾ ಬಂದ ಹೊಸದರಲ್ಲಿ, ಮಾರ್ಚ್‌ನಲ್ಲೇ, ದುಬೈ ಸರ್ಕಾರ 150 ಕೋಟಿ ದಿರ್ಹಂ ನೆರವು ಪ್ರಕಟಿಸಿ ಹೋಟೆಲ್‌ಗಳ ಮೇಲಿನ ಮುನಿಸಿಪಾಲಿಟಿ ಫೀಯನ್ನು ಶೇ. 7ರಿಂದ 3.5ಕ್ಕೆ ಇಳಿಸಿತು, ಕರೆಂಟು-ನೀರಿನ ಬಿಲ್ಲಿನಲ್ಲಿ ಮೂರು ತಿಂಗಳು ಶೇ. 10 ಬಿಟ್ಟಿತು. 2020ಕ್ಕೆ 6,640 ಕೋಟಿ ದಿರ್ಹಂ ಖರ್ಚಿನ ಬಜೆಟ್ ಹಾಕಿದ್ದ ಊರು 2021ಕ್ಕೆ ಅದನ್ನು 5,710 ಕೋಟಿಗೆ ಇಳಿಸಬೇಕಾಯಿತು. ಆ ದಿನಗಳಲ್ಲಿ ಚಾರ್ಟರ್ಡ್ ವಿಮಾನದಲ್ಲಿ ಮಂಗಳೂರಿಗೆ ಇಳಿದವರಿಗೆ ಆ ಲೆಕ್ಕದ ಇನ್ನೊಂದು ಮುಖ ಗೊತ್ತು.

ಸೌದಿಯಲ್ಲಿ ಇದೇ ಕತೆ ಬೇರೆ ರೂಪದಲ್ಲಿ. ಕುಟುಂಬದವರ ಮೇಲಿನ ಫೀ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಇದ್ದದ್ದು, ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಇಕಾಮಾ ರಿನ್ಯೂ ಮಾಡುವಾಗ ಮುಂಗಡವೇ ಕಟ್ಟಬೇಕು. ಕಟ್ಟದೆ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಹಾಗಾಗಿ ಎಷ್ಟೋ ಮನೆಯವರು ಸಂಸಾರವನ್ನೇ ಊರಿಗೆ ಕಳಿಸಿದರು. ಫೀ ಗಟ್ಟಿಯಾಗಿ ವಸೂಲಾಯಿತು, ಕೊಡುವ ತಲೆಗಳೇ ಕಮ್ಮಿಯಾದವು.

ಯುಎಇಯಲ್ಲಿ ಈಗ ಕೆಲಸದ ಮಾರುಕಟ್ಟೆಯ ದಿಕ್ಕನ್ನು ಬದಲಿಸುತ್ತಿರುವುದು ಎಮಿರಾಟೈಸೇಶನ್. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಸ್ಕಿಲ್ಡ್ ಹುದ್ದೆಗಳಲ್ಲಿ ಪ್ರತಿವರ್ಷ ಶೇ. 2ರಂತೆ ಸ್ಥಳೀಯರನ್ನು ಹೆಚ್ಚಿಸಬೇಕು. 2024ರಿಂದ 20ರಿಂದ 49 ಜನ ಇರುವ ಕಂಪನಿಗಳಿಗೂ, ಆಯ್ದ 14 ಕ್ಷೇತ್ರಗಳಲ್ಲಿ, 2024ರಲ್ಲಿ ಒಬ್ಬರು, 2025ರಲ್ಲಿ ಇನ್ನೊಬ್ಬರು ಎಂಬ ನಿಯಮ ಬಂತು. ತಪ್ಪಿದರೆ ದಂಡ ಮೊದಲ ವರ್ಷಕ್ಕೆ 96,000, ಎರಡನೆಯದಕ್ಕೆ 1,08,000 ದಿರ್ಹಂ. ಮೇಸ್ತ್ರಿ, ಪೇಂಟರ್, ಕ್ಲೀನಿಂಗ್ ಕೆಲಸಕ್ಕೆ ಇದರ ಬಿಸಿ ನೇರವಾಗಿ ತಟ್ಟುವುದಿಲ್ಲ. ಅಕೌಂಟ್ಸ್, ಅಡ್ಮಿನ್, ಎಚ್‌ಆರ್, ಬ್ಯಾಂಕ್ ಸೇಲ್ಸ್ ಇಂಥ ಕಡೆಯೇ ತಟ್ಟುವುದು. ಬಿಕಾಂ ಮುಗಿಸಿ ವಿಸಿಟ್ ವೀಸಾದಲ್ಲಿ ಬರುವ ಹುಡುಗರು ಇದನ್ನು ಲೆಕ್ಕಕ್ಕೆ ಹಿಡಿದೇ ಟಿಕೆಟ್ ತೆಗೆಯಬೇಕು.

ತಿಂಗಳಿಗೆ ಐದು ದಿರ್ಹಂ

ಕೆಲಸ ಹೋದವರಿಗೆ ನೆರವಾಗಲಿ ಅಂತ 2023ರ ಜನವರಿ 1ರಿಂದ ಬಂದದ್ದು ನಿರುದ್ಯೋಗ ವಿಮೆ, ಎಲ್ಲರ ಬಾಯಲ್ಲಿ ಐಎಲ್‌ಒಇ. ಬೇಸಿಕ್ ಸಂಬಳ 16,000 ದಿರ್ಹಂವರೆಗೆ ಇದ್ದವರು ತಿಂಗಳಿಗೆ 5 ದಿರ್ಹಂ, ಅದಕ್ಕಿಂತ ಮೇಲಿದ್ದವರು 10 ದಿರ್ಹಂ ಕಟ್ಟಬೇಕು, ವ್ಯಾಟ್ ಬೇರೆ. ಒಂದು ಚಹಾ-ಪರೋಟದ ದುಡ್ಡು.

ಇಷ್ಟು ಚಿಕ್ಕ ಫೀ ಎಷ್ಟೋ ಜನರಿಂದ ಬಾಕಿ ಉಳಿಯಿತು. ಕಾರಣ ಸರಳ. ವೀಸಾ, ವರ್ಕ್ ಪರ್ಮಿಟ್ ಖರ್ಚೆಲ್ಲ ಕಾನೂನು ಪ್ರಕಾರ ಕಂಪನಿಯದ್ದು. ಇದೂ ಕಂಪನಿಯದ್ದೇ ಇರಬೇಕು, ಪಿಆರ್‌ಒ ಮಾಡಿರುತ್ತಾನೆ ಅಂತ ಜನ ಅಂದುಕೊಂಡರು. ಆದರೆ ಈ ವಿಮೆಯ ಜವಾಬ್ದಾರಿ ನೌಕರನದ್ದೇ. 2023ರ ಅಕ್ಟೋಬರ್ 1ರ ಗಡುವಿನೊಳಗೆ ಸೇರದವರಿಗೆ 400 ದಿರ್ಹಂ ದಂಡ ಬಿತ್ತು. ಸೇರಿದ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಕಂತು ತಪ್ಪಿಸಿದರೆ 200 ದಿರ್ಹಂ, ಜೊತೆಗೆ ಪಾಲಿಸಿಯೂ ರದ್ದು. ದಂಡ ಕಟ್ಟದಿದ್ದರೆ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ, ಸಂಬಳದಿಂದ ಅಥವಾ ಗ್ರಾಚ್ಯುಟಿಯಿಂದ ಮುರಿದುಕೊಳ್ಳಲೂ ಅವಕಾಶವಿದೆ. ವರ್ಷಕ್ಕೆ 60 ದಿರ್ಹಂ ಉಳಿಸಲು ಹೋಗಿ, ಕಂಪನಿ ಬದಲಿಸುವ ದಿನವೇ 400 ಕಟ್ಟಿ ನಿಂತವರು ಕಮ್ಮಿ ಇಲ್ಲ.

ವಿಮೆಯಿಂದ ಸಿಗುವುದೇನು? ಕೊನೆಯ ಆರು ತಿಂಗಳ ಬೇಸಿಕ್ ಸಂಬಳದ ಸರಾಸರಿಯ ಶೇ. 60, ಹೆಚ್ಚೆಂದರೆ ಮೂರು ತಿಂಗಳು. ಮೊದಲ ವರ್ಗಕ್ಕೆ ತಿಂಗಳ ಮಿತಿ 10,000, ಎರಡನೆಯದಕ್ಕೆ 20,000 ದಿರ್ಹಂ. ಕನಿಷ್ಠ 12 ತಿಂಗಳು ಸತತವಾಗಿ ಕಟ್ಟಿರಬೇಕು. ರಾಜೀನಾಮೆ ಕೊಟ್ಟವರಿಗೆ, ಶಿಸ್ತುಕ್ರಮದಲ್ಲಿ ಹೊರಗೆ ಹಾಕಿಸಿಕೊಂಡವರಿಗೆ ಇಲ್ಲ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ಮನೆಗೆಲಸದವರು, ತಾತ್ಕಾಲಿಕ ಗುತ್ತಿಗೆಯವರು, ಸ್ವಂತ ಕಂಪನಿಯ ಪಾಲುದಾರರು ಈ ಯೋಜನೆಯಲ್ಲಿ ಇಲ್ಲ.

ಇಲ್ಲಿ "ಬೇಸಿಕ್" ಅನ್ನುವ ಪದದ ಮೇಲೆ ಕಣ್ಣಿಡಬೇಕು. ಕೈಗೆ 3,000 ಬರುತ್ತಿದ್ದರೂ ಕಾಂಟ್ರಾಕ್ಟ್‌ನಲ್ಲಿ ಬೇಸಿಕ್ 1,500, ಉಳಿದದ್ದು ಅಲೋವೆನ್ಸ್ ಅಂತ ಬರೆದಿದ್ದರೆ ವಿಮೆಯಿಂದ ಸಿಗುವುದು ತಿಂಗಳಿಗೆ 900 ಮಾತ್ರ. ಗ್ರಾಚ್ಯುಟಿ ಲೆಕ್ಕವೂ ಬೇಸಿಕ್ ಮೇಲೆಯೇ. ಆಫರ್ ಲೆಟರ್‌ಗೆ ಸಹಿ ಹಾಕುವಾಗ ಒಟ್ಟು ಮೊತ್ತ ನೋಡಿ ಖುಷಿಪಟ್ಟವರು ಕೆಲಸ ಹೋದಾಗ ಈ ಸಾಲನ್ನು ಮೊದಲ ಸಲ ಓದುತ್ತಾರೆ.

ಕೆಲಸ ಹೋಗಿ, ವೀಸಾ ರದ್ದಾಗಿ, ಗಡುವೂ ಮುಗಿದ ಮೇಲೆ ಉಳಿದರೆ ಓವರ್‌ಸ್ಟೇ ದಂಡ ದಿನಕ್ಕೆ 50 ದಿರ್ಹಂ. ನೂರು ದಿನಕ್ಕೆ 5,000. ಕೆಲಸವೇ ಇಲ್ಲದವನು ಇದನ್ನು ಎಲ್ಲಿಂದ ಕಟ್ಟಬೇಕು? ದಂಡ ಬೆಳೆದಷ್ಟೂ ಮನುಷ್ಯ ಅಡಗಿಕೊಳ್ಳುತ್ತಾನೆ, ವಸೂಲಿಯೂ ಆಗುವುದಿಲ್ಲ. ಸರ್ಕಾರಕ್ಕೂ ಇದು ಗೊತ್ತು, ಅದಕ್ಕೇ ಆಗಾಗ ಅಮ್ನೆಸ್ಟಿ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ದಂಡವನ್ನೇ ಮನ್ನಾ ಮಾಡಿ ವೀಸಾ ಸರಿಪಡಿಸಿಕೊಳ್ಳಲು ಅಥವಾ ಊರಿಗೆ ಹೋಗಲು ಬಿಟ್ಟರು.

ಕೊಕ್ಕೆ ಇಲ್ಲದ ಫೀ: ನಾಯಿ, ಬೆಕ್ಕು

ಹೌಸಿಂಗ್ ಫೀಗೆ ಕರೆಂಟ್ ಕನೆಕ್ಷನ್ ಎಂಬ ಕೊಕ್ಕೆ ಇದೆ. ವಿಮೆಗೆ ವರ್ಕ್ ಪರ್ಮಿಟ್ ಎಂಬ ಕೊಕ್ಕೆ. ಸಾಕುಪ್ರಾಣಿಯ ಲೈಸೆನ್ಸ್‌ಗೆ? ಲೈಸೆನ್ಸ್ ಇಲ್ಲದ ನಾಯಿಯೂ ಬೊಗಳುತ್ತದೆ, ಬೆಕ್ಕೂ ಹಾಲು ಕುಡಿಯುತ್ತದೆ. ಇಂಥ ಫೀ ಎಲ್ಲ ಊರಲ್ಲೂ ಬಾಕಿ ಬೀಳುವುದು ಅದಕ್ಕೇ.

ದುಬೈಯಲ್ಲಿ ನಾಯಿ-ಬೆಕ್ಕುಗಳಿಗೆ ಮೈಕ್ರೋಚಿಪ್, ವರ್ಷಕ್ಕೊಮ್ಮೆ ಲಸಿಕೆ, ಮುನಿಸಿಪಾಲಿಟಿ ನೋಂದಣಿ ಕಡ್ಡಾಯ. ಲಸಿಕೆ ಹಾಕುವ ವೆಟ್ ಕ್ಲಿನಿಕ್ಕಿನಲ್ಲೇ ನೋಂದಣಿ ಆಗಿಬಿಡುತ್ತದೆ. ಇಲ್ಲಿಯ ಜಾಣತನ ಇದೇ: ಪ್ರಾಣಿಯನ್ನು ಹೇಗೂ ಕ್ಲಿನಿಕ್ಕಿಗೆ ತರುವ ದಿನ ಹಿಡಿದುಕೊಳ್ಳುವುದು. ಇದರ ಮೇಲೆ 2016ರ 22ನೇ ಫೆಡರಲ್ ಕಾನೂನು ಇದೆ. ಅಪಾಯಕಾರಿ ಪ್ರಾಣಿಗಳಿಗಾಗಿ ಬಂದ ಈ ಕಾನೂನಿನಲ್ಲಿ ನಾಯಿ ಸಾಕುವವರಿಗೂ ಲೈಸೆನ್ಸ್, ಲಸಿಕೆ, ಹೊರಗೆ ಹೋಗುವಾಗ ಹಗ್ಗ ಕಡ್ಡಾಯ. ಲೈಸೆನ್ಸ್ ಇಲ್ಲದಿದ್ದರೆ ದಂಡ 10,000 ದಿರ್ಹಂನಿಂದ ಶುರು. ಡ್ರೈವರ್ ಒಬ್ಬನ ಹಲವು ತಿಂಗಳ ಸಂಬಳ ಅದು. ಅರಬಾಬ್ ಮನೆಯ ನಾಯಿಯನ್ನು ಸಂಜೆ ವಾಕಿಂಗ್ ಕರೆದೊಯ್ಯುವ ಮನೆಗೆಲಸದವರು ಹಗ್ಗ ಮತ್ತು ಕುತ್ತಿಗೆಯ ಟ್ಯಾಗ್ ಇದೆಯೇ ಅಂತ ನೋಡಿಕೊಂಡೇ ಹೊರಡುವುದು ಕ್ಷೇಮ.

ಅಬುಧಾಬಿ ಬೇರೆ ದಾರಿ ಹಿಡಿಯಿತು. 2025ರ ಫೆಬ್ರುವರಿ 3ರಿಂದ ನಾಯಿ-ಬೆಕ್ಕುಗಳ ನೋಂದಣಿಯನ್ನು ತಮ್ ವೇದಿಕೆಯ ಮೂಲಕ ಕಡ್ಡಾಯ ಮಾಡಿದರು, ಆದರೆ ಫೀ ಇಟ್ಟಿಲ್ಲ. ಮೊದಲ ಒಂದು ವರ್ಷ ದಂಡವೂ ಇಲ್ಲ ಅಂದರು. ಅವರಿಗೆ ಬೇಕಾದದ್ದು ಪ್ರಾಣಿಗಳ ಲೆಕ್ಕ, ಲಸಿಕೆಯ ದಾಖಲೆ. ಫೀ ಇಟ್ಟರೆ ಜನ ಬರುವುದಿಲ್ಲ, ಜನ ಬರದಿದ್ದರೆ ಲೆಕ್ಕವೇ ಸಿಗುವುದಿಲ್ಲ.

ಇದು ಸರಿಯಾದ ಯೋಚನೆ ಅಂತ ಗೊತ್ತಾಗಬೇಕಾದರೆ ಬೆಂಗಳೂರು ನೋಡಬೇಕು. ಅಲ್ಲಿ ಸಾಕು ನಾಯಿಯ ಲೈಸೆನ್ಸ್ ಫೀ ವರ್ಷಕ್ಕೆ 110 ರೂಪಾಯಿ, ಇಲ್ಲಿಯ ಲೆಕ್ಕದಲ್ಲಿ ನಾಲ್ಕೈದು ದಿರ್ಹಂ. ಆದರೂ ಮಾಡಿಸಿದವರು ತೀರಾ ಕಮ್ಮಿ. ಒಂದು ಲಕ್ಷ ನಾಯಿಗಳಿಗೆ ತಪ್ಪದೆ ವಸೂಲಾಯಿತು ಅಂದುಕೊಂಡರೂ ಬರುವುದು 1.1 ಕೋಟಿ ರೂಪಾಯಿ. 2024-25ರಲ್ಲಿ ಬಿಬಿಎಂಪಿ ಆಸ್ತಿ ತೆರಿಗೆಯಿಂದಲೇ ತೆಗೆದದ್ದು ಸುಮಾರು 4,900 ಕೋಟಿ. ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲದ ದುಡ್ಡು, ಅದನ್ನು ವಸೂಲು ಮಾಡಲು ಇಟ್ಟ ನೌಕರರ ಸಂಬಳಕ್ಕೂ ಸಾಲದು. ನಷ್ಟ ಇರುವುದು ದುಡ್ಡಿನಲ್ಲಿ ಅಲ್ಲ. ಯಾವ ಮನೆಯ ನಾಯಿಗೆ ರೇಬಿಸ್ ಲಸಿಕೆ ಆಗಿದೆ, ಯಾವುದಕ್ಕೆ ಆಗಿಲ್ಲ ಅನ್ನುವ ಪಟ್ಟಿ ಪಾಲಿಕೆಯ ಕೈಯಲ್ಲಿಲ್ಲ. 2023ರಲ್ಲಿ ಬೀದಿ ನಾಯಿಗಳನ್ನು ಎಣಿಸಿದರು, ಸುಮಾರು 2.79 ಲಕ್ಷ ಅಂತ ಬಂತು. ಬೀದಿ ನಾಯಿಯ ಲೆಕ್ಕ ಇದೆ, ಮನೆ ನಾಯಿಯ ಲೆಕ್ಕ ಇಲ್ಲ! ಕಚ್ಚಿಸಿಕೊಂಡ ಮಗುವಿಗೆ ಇಂಜೆಕ್ಷನ್ ಎಷ್ಟು ತುರ್ತು ಅಂತ ಡಾಕ್ಟರ್ ಕೇಳಿದಾಗ ಮನೆಯವರು ಹೇಳಬೇಕಾದ ಮೊದಲ ಉತ್ತರವೇ ಆ ಪಟ್ಟಿಯಲ್ಲಿ ಇರಬೇಕಾದದ್ದು. ಕರ್ನಾಟಕದಲ್ಲಿ 2022ರಿಂದ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಕೊಕ್ಕೆ ಹಾಕುವ ವಿದ್ಯೆ ಬೆಂಗಳೂರಿಗೆ ಗೊತ್ತಿಲ್ಲ ಅಂತಲ್ಲ. 2025ರ ಏಪ್ರಿಲ್‌ನಿಂದ ಕಸದ ಫೀಯನ್ನು ಆಸ್ತಿ ತೆರಿಗೆಯ ಜೊತೆಗೇ ಸೇರಿಸಿದರು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 1,000ದಿಂದ 2,000 ಚದರಡಿಗೆ 100 ರೂಪಾಯಿ, 4,000 ಚದರಡಿ ದಾಟಿದರೆ 400. ಗಲ್ಫ್ ದುಡಿಮೆಯಲ್ಲಿ ಬೆಂಗಳೂರಲ್ಲಿ ಮನೆ ಮಾಡಿದವರು ಆಸ್ತಿ ತೆರಿಗೆಯ ರಸೀದಿಯಲ್ಲಿ ಈ ಸಾಲನ್ನೂ ನೋಡಿಕೊಳ್ಳಬೇಕು. ಈಗ ಇ-ಖಾತಾ ಇಲ್ಲದೆ ಮಾರಾಟ ನೋಂದಣಿ ಆಗುವುದಿಲ್ಲ. ಹಾಗಾಗಿ ಬಾಕಿ ಇಟ್ಟ ತೆರಿಗೆ ಒಂದಲ್ಲ ಒಂದು ದಿನ ಎದುರು ಬರುತ್ತದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ತಮ್ಮ ಮನೆ ಯಾವುದರಲ್ಲಿ ಅಂತ ಒಮ್ಮೆ ಖಚಿತ ಮಾಡಿಕೊಂಡರೆ ಒಳ್ಳೆಯದು.

ಕೆಲಸ ಹೋದಾಗ ಸಾಕಿದ ಬೆಕ್ಕು

ಕೆಲಸ ಮತ್ತು ಸಾಕುಪ್ರಾಣಿ, ಈ ಎರಡು ಲೆಕ್ಕ ಒಂದಾಗುವುದು ಮನೆಯವರು ಗಂಟುಮೂಟೆ ಕಟ್ಟುವ ದಿನ. ಬೇಸಿಗೆಯಲ್ಲಿ, ಕೆಲಸ ಕಳೆದುಕೊಂಡ ಸಂಸಾರಗಳು ಹೊರಡುವ ಹೊತ್ತಿನಲ್ಲಿ, ಬೆಕ್ಕು-ನಾಯಿಗಳನ್ನು ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗುವುದು ದುಬೈಯಲ್ಲಿ ಹಳೆಯ ಸಮಸ್ಯೆ. 45 ಡಿಗ್ರಿ ಬಿಸಿಲಲ್ಲಿ ಮನೆಯ ಎಸಿಗೆ ಒಗ್ಗಿದ ಬೆಕ್ಕು ಎಷ್ಟು ದಿನ ಬದುಕೀತು? ಬಿಟ್ಟು ಹೋಗುವುದು ಕಾನೂನಿನ ಪ್ರಕಾರವೂ ಅಪರಾಧ. ಮೈಕ್ರೋಚಿಪ್ ಇದ್ದರೆ ಯಜಮಾನನ ಹೆಸರು ಗೊತ್ತಾಗುತ್ತದೆ.

ಊರಿಗೆ ಕರೆದೊಯ್ಯಲು ದಾರಿ ಇದೆ. ವಿದೇಶದಲ್ಲಿ ಎರಡು ವರ್ಷ ಇದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿಗಳವರೆಗೆ ತರಬಹುದು. ಮೈಕ್ರೋಚಿಪ್, ರೇಬಿಸ್ ಲಸಿಕೆಯ ದಾಖಲೆ, ಯುಎಇ ಸರ್ಕಾರದ ಆರೋಗ್ಯ ಪ್ರಮಾಣಪತ್ರ ಬೇಕು. ಪ್ರಯಾಣಕ್ಕೆ ಮೊದಲೇ ಭಾರತದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಎನ್‌ಒಸಿ ತೆಗೆಯಬೇಕು. ಈ ಸೌಲಭ್ಯ ಮಂಗಳೂರಿನಲ್ಲಿ ಇಲ್ಲ. ಕರಾವಳಿಯವರೂ ಬೆಂಗಳೂರಿನಂಥ ನಿಗದಿತ ನಿಲ್ದಾಣದಲ್ಲೇ ಇಳಿಯಬೇಕು. ಲಸಿಕೆ ಹಾಕಿಸಿ ಕಾಯಬೇಕಾದ ದಿನಗಳನ್ನು ಲೆಕ್ಕ ಹಾಕಿದರೆ, ಕೆಲಸ ಹೋದ ಮೇಲೆ ಶುರು ಮಾಡಿದವರಿಗೆ ಸಮಯ ಸಾಲುವುದಿಲ್ಲ. ವರ್ಷಾವರ್ಷ ನೋಂದಣಿ, ಲಸಿಕೆ ಮಾಡಿಸಿಟ್ಟವರಿಗೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಬೆಂಗಳೂರಲ್ಲೇ ನೆಲೆಸುವುದಾದರೆ, ನಾಯಿ ಇಳಿದ ಮೇಲೆ ಅಲ್ಲಿಯ 110 ರೂಪಾಯಿ ಲೈಸೆನ್ಸ್ ಕೂಡ ಮಾಡಿಸಬೇಕು, ಯಾರೂ ಬಂದು ಕೇಳದಿದ್ದರೂ.